ಸಮುದ್ರ ದಾಟಿ ಊರು ಕಟ್ಟಿದ ವಿಲಿಯಂ ಬ್ರಾಡ್‌ಫರ್ಡ್


ಅಮೆರಿಕ ಅಂದ ಕೂಡಲೇ ನಮಗೆಲ್ಲ ಕೊಲಂಬಸ್ ನೆನಪಾಗುತ್ತಾನೆ. ಅವನು ಹೋಗಿ ನೋಡಿ ವಾಪಸ್ ಬಂದವನು. ಹೆಂಡತಿ ಮಕ್ಕಳ ಸಮೇತ ಅಲ್ಲೇ ಬಾಳಬೇಕು ಅಂತ ಹಡಗು ಹತ್ತಿದವರ ಕಥೆ ಬೇರೆ. ಅಂಥವರಲ್ಲಿ ಒಬ್ಬ ವಿಲಿಯಂ ಬ್ರಾಡ್‌ಫರ್ಡ್.

ಬಾಲ್ಯ

ಬ್ರಾಡ್‌ಫರ್ಡ್ ಹುಟ್ಟಿದ್ದು 1590ರಲ್ಲಿ, ಇಂಗ್ಲೆಂಡಿನ ಆಸ್ಟರ್‌ಫೀಲ್ಡ್ ಎಂಬ ಹಳ್ಳಿಯಲ್ಲಿ. ರೈತರ ಮನೆತನ. ಮಗುವಾಗಿದ್ದಾಗಲೇ ತಂದೆ ತೀರಿಕೊಂಡ. ಏಳು ವರ್ಷವಾದಾಗ ತಾಯಿಯೂ ಹೋದಳು. ಹುಡುಗ ಬಂಧುಗಳ ಮನೆಯಲ್ಲಿ ಬೆಳೆದ. ಮೈಗೆ ಹುಷಾರಿರಲಿಲ್ಲ, ಹೊಲದ ಕೆಲಸ ಆಗುತ್ತಿರಲಿಲ್ಲ. ಹಾಗಾಗಿ ಓದು ಅಂಟಿಕೊಂಡಿತು.

ಆ ಕಾಲದಲ್ಲಿ ದೊರೆ ಒಪ್ಪಿದ ಚರ್ಚಿಗೇ ಎಲ್ಲರೂ ಹೋಗಬೇಕಿತ್ತು. ಬೇರೆಯಾಗಿ ಪ್ರಾರ್ಥನೆ ಮಾಡಿದರೆ ಜೈಲು. ಪಕ್ಕದ ಸ್ಕ್ರೂಬಿ ಎಂಬ ಊರಿನಲ್ಲಿ ಕೆಲವರು ಗುಟ್ಟಾಗಿ ಸೇರಿ ಪ್ರಾರ್ಥಿಸುತ್ತಿದ್ದರು. ಬ್ರಾಡ್‌ಫರ್ಡ್ ಅವರ ಜೊತೆ ಸೇರಿದ. ಕಾಟ ಹೆಚ್ಚಾದಾಗ 1608ರ ಹೊತ್ತಿಗೆ ಇವರೆಲ್ಲ ಹಾಲೆಂಡಿಗೆ ಓಡಿಹೋದರು. ಲೈಡನ್ ಪಟ್ಟಣದಲ್ಲಿ ಬ್ರಾಡ್‌ಫರ್ಡ್ ಬಟ್ಟೆ ನೇಯ್ದು ಹೊಟ್ಟೆ ಹೊರೆದ. 1613ರಲ್ಲಿ ಡೊರೊತಿಯನ್ನು ಮದುವೆಯಾದ. ಅಲ್ಲಿ ಪ್ರಾರ್ಥನೆಗೇನೋ ಅಡ್ಡಿಯಿರಲಿಲ್ಲ. ಆದರೆ ದುಡಿಮೆ ಬಹಳ ಕಷ್ಟ, ಸಣ್ಣ ಮಕ್ಕಳೂ ದುಡಿದು ಬಾಗಿಹೋಗುತ್ತಿದ್ದರು. ಅದಕ್ಕೇ ಅಮೆರಿಕದ ಯೋಚನೆ ಬಂತು.

ಹಡಗಿನೊಳಗೆ 66 ದಿನ

ಮೊದಲು ಎರಡು ಹಡಗು ಹೊರಟವು. ಸ್ಪೀಡ್‌ವೆಲ್ ಎಂಬ ಸಣ್ಣ ಹಡಗು ಸೋರತೊಡಗಿತು. ಎರಡು ಸಲ ಹಿಂದಿರುಗಿ, ಕೊನೆಗೆ ಅದನ್ನು ಬಿಟ್ಟೇಬಿಟ್ಟರು. 1620ರ ಸೆಪ್ಟೆಂಬರ್‌ನಲ್ಲಿ ಮೇಫ್ಲವರ್ ಒಂದೇ ಹೊರಟಿತು. ಅದರಲ್ಲಿ 102 ಪ್ರಯಾಣಿಕರು. ಬ್ರಾಡ್‌ಫರ್ಡ್ ದಂಪತಿ ತಮ್ಮ ಪುಟ್ಟ ಮಗ ಜಾನ್‌ನನ್ನು ಹಾಲೆಂಡಿನಲ್ಲೇ ಬಿಟ್ಟು ಬಂದಿದ್ದರು.

ಮೇಲೆ ನಾವಿಕರು, ತಳದಲ್ಲಿ ಸಾಮಾನು, ನಡುವಿನ ಕತ್ತಲೆ ಅಂತಸ್ತಿನಲ್ಲಿ ಇವರೆಲ್ಲ. ಎತ್ತರದವರಿಗೆ ನೆಟ್ಟಗೆ ನಿಲ್ಲೋಕೂ ಆಗುತ್ತಿರಲಿಲ್ಲ. ಊಟಕ್ಕೆ ಕಲ್ಲಿನಂಥ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ, ಒಣ ಬಟಾಣಿ. ಕುಡಿಯಲು ಬಿಯರ್, ಮಕ್ಕಳಿಗೂ ಅದೇ! ಪೀಪಾಯಿಯಲ್ಲಿಟ್ಟ ನೀರು ಕೆಟ್ಟುಹೋಗುತ್ತಿತ್ತು. ಬಿರುಗಾಳಿ ಎದ್ದರೆ ಒಲೆ ಹಚ್ಚುವ ಹಾಗಿಲ್ಲ.

ನಡು ಸಮುದ್ರದಲ್ಲಿ ಹಡಗಿನ ದೊಡ್ಡ ತೊಲೆಯೇ ಸೀಳಿತು. ಯಾರೋ ತಂದಿದ್ದ ದೊಡ್ಡ ಕಬ್ಬಿಣದ ತಿರುಪಿನಿಂದ ಅದನ್ನು ಎತ್ತಿ, ಕೆಳಗೆ ಕಂಬ ಕೊಟ್ಟು ನಿಲ್ಲಿಸಿದರು. ಜಾನ್ ಹೌಲ್ಯಾಂಡ್ ಎಂಬ ಯುವಕ ನೀರಿಗೆ ಬಿದ್ದ. ತೇಲುತ್ತಿದ್ದ ಹಗ್ಗ ಕೈಗೆ ಸಿಕ್ಕಿ ಬದುಕಿದ. ಹಡಗಿನಲ್ಲೇ ಒಂದು ಗಂಡು ಮಗು ಹುಟ್ಟಿತು. ಅದಕ್ಕೆ ಓಷಿಯಾನಸ್ ಅಂದರೆ ಸಾಗರ ಎಂಬ ಅರ್ಥದ ಹೆಸರಿಟ್ಟರು.

ಮೊದಲ ಚಳಿಗಾಲ

ನವೆಂಬರ್‌ನಲ್ಲಿ ನೆಲ ಕಂಡಿತು. ಮುಂದೆ ಒಟ್ಟಾಗಿ ಕಾನೂನು ಮಾಡಿಕೊಂಡು ಬಾಳುತ್ತೇವೆ ಎಂಬ ಒಪ್ಪಂದಕ್ಕೆ 41 ಗಂಡಸರು ಹಡಗಿನಲ್ಲೇ ಸಹಿ ಹಾಕಿದರು. ಜಾಗ ಹುಡುಕಲು ಹೋದವರಲ್ಲಿ ಬ್ರಾಡ್‌ಫರ್ಡ್ ಕೂಡ ಇದ್ದ. ಜಿಂಕೆಗೆ ಒಡ್ಡಿದ್ದ ಉರುಲಿಗೆ ಅವನ ಕಾಲೇ ಸಿಕ್ಕಿಕೊಂಡಿತು! ಒಂದು ಕಡೆ ಅಲ್ಲಿನವರು ಹೂತಿಟ್ಟಿದ್ದ ಮುಸುಕಿನ ಜೋಳ ಕಂಡಿತು. ಕೇಳದೆಯೇ ತೆಗೆದುಕೊಂಡರು. ಆಮೇಲೆ ಅದರ ಬೆಲೆ ಕೊಟ್ಟರು.

ಡಿಸೆಂಬರ್‌ನಲ್ಲಿ ಅವನು ಹೀಗೆ ಹೊರಗೆ ಹೋಗಿದ್ದಾಗ ಡೊರೊತಿ ಹಡಗಿನಿಂದ ಬಿದ್ದು ಮುಳುಗಿ ಸತ್ತಳು. ಆ ಚಳಿಗಾಲದಲ್ಲಿ ಬಂದವರಲ್ಲಿ ಸುಮಾರು ಅರ್ಧ ಜನ ರೋಗದಿಂದ ತೀರಿಕೊಂಡರು. ಒಂದು ಹಂತದಲ್ಲಿ ಓಡಾಡುವ ಶಕ್ತಿ ಇದ್ದದ್ದು ಆರೇಳು ಜನಕ್ಕೆ ಮಾತ್ರ. ಅವರೇ ಸೌದೆ ತಂದು, ಅಡುಗೆ ಮಾಡಿ, ರೋಗಿಗಳ ಬಟ್ಟೆ ಒಗೆದರು. ಬ್ರಾಡ್‌ಫರ್ಡ್ ಕೂಡ ಹಾಸಿಗೆ ಹಿಡಿದಿದ್ದ.

ಕೈ ಹಿಡಿದವರು

ಇವರು ಊರು ಕಟ್ಟಿದ ಪ್ಲಿಮತ್ ಖಾಲಿ ಜಾಗವೇನೂ ಆಗಿರಲಿಲ್ಲ. ಅಲ್ಲಿ ಪಟುಕ್ಸೆಟ್ ಎಂಬ ಹಳ್ಳಿ ಇತ್ತು. ಕೆಲವೇ ವರ್ಷಗಳ ಹಿಂದೆ ಸಾಂಕ್ರಾಮಿಕ ರೋಗ ಬಂದು ಊರಿಗೆ ಊರೇ ಸತ್ತಿತ್ತು. ಆ ಊರಿನವನಾದ ಟಿಸ್ಕ್ವಾಂಟಮ್‌ನನ್ನು 1614ರಲ್ಲಿ ಒಬ್ಬ ಇಂಗ್ಲಿಷ್ ನಾವಿಕ ಮೋಸದಿಂದ ಹಿಡಿದು ಸ್ಪೇನಿನಲ್ಲಿ ಮಾರಲು ಒಯ್ದಿದ್ದ. ಅವನು ಹೇಗೋ ಇಂಗ್ಲೆಂಡ್ ಸೇರಿ, 1619ರಲ್ಲಿ ಮರಳಿ ಬಂದು ನೋಡಿದರೆ ತನ್ನವರು ಯಾರೂ ಇಲ್ಲ.

ಅಂಥವನೇ 1621ರಲ್ಲಿ ಈ ಹೊಸಬರಿಗೆ ದಾರಿ ತೋರಿಸಿದ. ಮಣ್ಣಿಗೆ ಮೀನನ್ನು ಗೊಬ್ಬರವಾಗಿ ಹಾಕಿ ಮುಸುಕಿನ ಜೋಳ ಬಿತ್ತುವುದನ್ನು ಕಲಿಸಿದ. ವಾಂಪನೋಗ್ ಜನರ ನಾಯಕ ಮಸಸೋಯಿಟ್ ಇವರ ಜೊತೆ ಶಾಂತಿಯ ಮಾತು ಮಾಡಿಕೊಂಡ. ಅದೇ ವರ್ಷ ಬೆಳೆ ಬಂದಾಗ ಅವನು ಸುಮಾರು 90 ಜನರೊಂದಿಗೆ ಬಂದ. ಅವರು ಐದು ಜಿಂಕೆ ತಂದುಕೊಟ್ಟರು, ಮೂರು ದಿನ ಎಲ್ಲರೂ ಜೊತೆಯಲ್ಲಿ ಉಂಡರು.

ಗವರ್ನರ್ ಆಗಿ

1621ರಲ್ಲಿ ಗವರ್ನರ್ ಕಾರ್ವರ್ ಸತ್ತಾಗ ಬ್ರಾಡ್‌ಫರ್ಡನನ್ನು ಆರಿಸಿದರು. ಮುಂದೆ ಸುಮಾರು 30 ಸಲ ಅವನೇ ಆಯ್ಕೆಯಾದ. ಮೊದಮೊದಲು ಎಲ್ಲರೂ ಒಟ್ಟಿಗೆ ದುಡಿದು ಹಂಚಿಕೊಳ್ಳುತ್ತಿದ್ದರು. ದವಸ ಸಾಲಲಿಲ್ಲ. 1623ರಲ್ಲಿ ಒಂದೊಂದು ಮನೆಗೂ ಜಮೀನು ಕೊಟ್ಟ. ಆಗ ಹೆಂಗಸರೂ ಮಕ್ಕಳೂ ಹುರುಪಿನಿಂದ ಹೊಲಕ್ಕಿಳಿದರು. ಇದ್ದ ಒಂದೇ ದೋಣಿಯಲ್ಲಿ ಸರದಿ ಪ್ರಕಾರ ಮೀನು ಹಿಡಿದರು, ಮರಳು ಬಗೆದು ಚಿಪ್ಪಿನ ಮೀನು ತೆಗೆದರು. ಹಸು ನೋಡಿದ್ದು 1624ರಲ್ಲಿ! ಬ್ರಾಡ್‌ಫರ್ಡ್ ಮತ್ತೆ ಮದುವೆಯಾದ, ಮಗ ಜಾನ್ ಕೂಡ ಆಮೇಲೆ ಬಂದು ಸೇರಿದ.

1630ರಿಂದ ಅವನು ಈ ಊರಿನ ಕಥೆ ಬರೆಯುತ್ತಾ ಹೋದ. ಮುಪ್ಪಿನಲ್ಲೂ ಹೀಬ್ರೂ ಭಾಷೆ ಕಲಿತ. 1657ರಲ್ಲಿ ತೀರಿಕೊಂಡ. ಅವನ ಕೈಬರಹ ಕಳೆದುಹೋಗಿ, 1855ರಲ್ಲಿ ಲಂಡನ್ನಿನ ಬಿಷಪ್ಪರ ಗ್ರಂಥಾಲಯದಲ್ಲಿ ಸಿಕ್ಕಿತು. 1897ರಲ್ಲಿ ಅಮೆರಿಕಕ್ಕೆ ಮರಳಿತು. ನಮಗೆ ಇಷ್ಟೆಲ್ಲ ತಿಳಿದಿರುವುದು ಬಹುಮಟ್ಟಿಗೆ ಅದರಿಂದಲೇ.

ಯೋಚಿಸಿ ನೋಡಿ

ಬ್ರಾಡ್‌ಫರ್ಡ್ ಧೈರ್ಯಶಾಲಿ, ಅದರಲ್ಲಿ ಅನುಮಾನವಿಲ್ಲ. ಆದರೆ 1637ರಲ್ಲಿ ಬೇರೆ ಇಂಗ್ಲಿಷ್ ಊರುಗಳವರು ಪೀಕ್ವಾಟ್ ಜನರ ಕೋಟೆಗೆ ಬೆಂಕಿಯಿಟ್ಟು ಹೆಂಗಸರು ಮಕ್ಕಳೆನ್ನದೆ ನೂರಾರು ಜನರನ್ನು ಕೊಂದಾಗ, ಅದನ್ನು ದೇವರು ಕೊಟ್ಟ ಗೆಲುವು ಅಂತಲೇ ಅವನು ಬರೆದ. ತಾನೇ ಕಿರುಕುಳ ತಾಳದೆ ಊರು ಬಿಟ್ಟು ಓಡಿದವನು! 1675ರಲ್ಲಿ ಯುದ್ಧ ಬಂತು. ಒಂದು ಕಡೆ ಮಸಸೋಯಿಟ್‌ನ ಮಗ ಮೆಟಾಕಾಮ್, ಇನ್ನೊಂದು ಕಡೆ ಬ್ರಾಡ್‌ಫರ್ಡನ ಮಗ. ಮೆಟಾಕಾಮ್ 1676ರಲ್ಲಿ ಸತ್ತ. ಅವನ ಜನರ ಭೂಮಿ ಹೋಯಿತು.

ಅಪ್ಪಂದಿರು ಮೂರು ದಿನ ಜೊತೆಯಲ್ಲಿ ಕೂತು ಉಂಡಿದ್ದರು. ಮಕ್ಕಳು ಎದುರುಬದುರು ನಿಂತು ಹೊಡೆದಾಡಿದರು. ಕಷ್ಟದಲ್ಲಿ ಅನ್ನ ಕೊಟ್ಟವರನ್ನು ಸುಖ ಬಂದ ಮೇಲೆ ಮರೆಯಬಾರದು ಅನ್ನುವುದನ್ನು ಈ ಕಥೆಯಿಂದ ನಾವು ಕಲಿಯಬೇಕು.