ಮಕ್ಕಳನ್ನು ನೋಡಿ ಕಲಿತ ಡಾಕ್ಟರಮ್ಮ: ಮಾರಿಯಾ ಮಾಂಟೆಸರಿ

ಎರಡೂವರೆ ವರ್ಷದ ಮಗುವಿಗೆ ಶಾಲೆ ಹುಡುಕುವಾಗ ನಾವೆಲ್ಲ ಮಾಂಟೆಸರಿ ಎಂಬ ಬೋರ್ಡು ನೋಡಿರುತ್ತೇವೆ. ಅದು ಯಾವುದೋ ಸಿಲೆಬಸ್ಸಿನ ಹೆಸರು ಎಂದುಕೊಂಡವರೂ ಇದ್ದಾರೆ. ಅದು ಒಬ್ಬ ವೈದ್ಯೆಯ, ಒಬ್ಬ ತಾಯಿಯ ಹೆಸರು.

ಮಾರಿಯಾ ಹುಟ್ಟಿದ್ದು 1870ರಲ್ಲಿ, ಇಟಲಿಯ ಕಿಯರವಲ್ಲೆಯಲ್ಲಿ. ಹೆಣ್ಣುಮಕ್ಕಳು ವೈದ್ಯಕೀಯ ಓದುವುದೇ ಅಪರೂಪವಾಗಿದ್ದ ಕಾಲ. ಗಂಡಸರ ಜೊತೆ ಶವಪರೀಕ್ಷೆ ಕಲಿಯುವುದು ಸಭ್ಯವಲ್ಲವೆಂದು, ಎಲ್ಲರೂ ಹೋದ ಮೇಲೆ ಒಬ್ಬಳೇ ಕೂತು ಕಲಿತು, 1896ರಲ್ಲಿ ರೋಮ್‌ನಲ್ಲಿ ಡಾಕ್ಟರಾದಳು.

1898ರಲ್ಲಿ ಮಗ ಮಾರಿಯೋ ಹುಟ್ಟಿದ. ತಂದೆ ಸಹೋದ್ಯೋಗಿ ವೈದ್ಯ, ಮದುವೆಯಾಗಿರಲಿಲ್ಲ. ಮಗು ತನ್ನದೆಂದು ಹೇಳಿದ್ದರೆ ವೃತ್ತಿಯೂ ಮಾನವೂ ಹೋಗುತ್ತಿದ್ದವು. ಕೂಸನ್ನು ಹಳ್ಳಿಯ ಮನೆಯೊಂದರಲ್ಲಿ ಬಿಟ್ಟರು. ಮಗ ತಾಯಿಯ ಜೊತೆ ಬಂದು ಸೇರಿದ್ದು ಹದಿಹರೆಯದಲ್ಲಿ. ಆಮೇಲೂ ಬಹುಕಾಲ ಲೋಕದ ಮುಂದೆ ಅವನು ಸೋದರಳಿಯ. ಲೋಕದ ಮಕ್ಕಳಿಗೆಲ್ಲ ದಾರಿ ತೋರಿದವಳಿಗೆ ಸ್ವಂತ ಮಗನ ಬಾಲ್ಯ ಸಿಗಲಿಲ್ಲ. ಮಗುವನ್ನು ಡೇಕೇರ್‌ನಲ್ಲಿ ಬಿಟ್ಟು ಆಫೀಸಿಗೆ ಓಡುವ ನನ್ನಂಥವರಿಗೆ ಈ ಭಾಗ ಓದುವಾಗ ಗಂಟಲು ಕಟ್ಟುತ್ತದೆ.

1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ ಮಕ್ಕಳ ಮನೆ ಶುರುವಾಯಿತು. ಅಪ್ಪ ಅಮ್ಮ ಕೂಲಿಗೆ ಹೋದರೆ ಚಿಕ್ಕಮಕ್ಕಳು ಮೆಟ್ಟಿಲು, ಗೋಡೆ ಹಾಳು ಮಾಡುತ್ತಾರೆಂಬುದು ಕಟ್ಟಡದವರ ದೂರು. ಅದಕ್ಕೇ ಅದೇ ಕಟ್ಟಡದಲ್ಲಿ ಒಂದು ಕೋಣೆ. ತಾಯಂದಿರು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುವಂತಾಯಿತು.

ನಾನು ಐಟಿಯವಳು. ಸಿಸ್ಟಮ್ ಕೆಟ್ಟರೆ ಮೊದಲು ಲಾಗ್ ನೋಡು, ಆಮೇಲೆ ಕೈ ಹಾಕು ಎಂಬುದು ನಮ್ಮ ಪಾಠ. ಮಾರಿಯಾ ಮಾಡಿದ್ದೂ ಅದನ್ನೇ: ಕಲಿಸುವ ಮೊದಲು ನೋಡಿದರು. ಮೂರು ವರ್ಷದ ಒಂದು ಹುಡುಗಿ ಮರದ ಸಿಲಿಂಡರುಗಳನ್ನು ಅವುಗಳ ಗುಳಿಗಳಲ್ಲಿ ಕೂರಿಸಿ ತೆಗೆಯುತ್ತಿದ್ದಳು. ಸುತ್ತ ಮಕ್ಕಳಿಂದ ಹಾಡಿಸಿದರು, ಕುರ್ಚಿಸಮೇತ ಎತ್ತಿ ಮೇಜಿನ ಮೇಲಿಟ್ಟರು. ಅವಳು ನಲವತ್ತಕ್ಕೂ ಹೆಚ್ಚು ಸಲ ಮಾಡಿ, ತೃಪ್ತಿಯಾದ ಮೇಲೆ ತಾನಾಗಿ ನಿಲ್ಲಿಸಿದಳು. ಮಗುವಿಗೆ ಏಕಾಗ್ರತೆ ಇಲ್ಲ ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು. ಒಮ್ಮೆ ಕಪಾಟಿಗೆ ಬೀಗ ಹಾಕುವುದು ಮರೆತುಹೋಗಿ, ಮಕ್ಕಳು ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಂಡರು. ಅಂದಿನಿಂದ ಕಪಾಟುಗಳು ಕೈಗೆಟುಕುವಷ್ಟು ತಗ್ಗಾದವು, ತೆರೆದೇ ಇದ್ದವು.

1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮಗನೊಂದಿಗೆ ಅವರು ಬಂದದ್ದು ನಮ್ಮ ಚೆನ್ನೈನ ಅಡ್ಯಾರಿಗೆ. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷರು ಮಾರಿಯೋನನ್ನು ಸೆರೆಯಲ್ಲಿಟ್ಟರು. ಆಕೆ ಅಡ್ಯಾರ್ ಬಿಟ್ಟು ಹೋಗುವಂತಿರಲಿಲ್ಲ. ಆಗಸ್ಟ್ 31, ಆಕೆಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಅವನ ಬಿಡುಗಡೆಯಾಯಿತು. ವೈಸರಾಯ್ ಕಳಿಸಿದ ತಂತಿಯಲ್ಲಿ ಅವನನ್ನು ಆಕೆಯ ಮಗ ಎಂದೇ ಬರೆದಿತ್ತಂತೆ. ಅದಕ್ಕಿಂತ ಒಳ್ಳೆಯ ಉಡುಗೊರೆ ಇನ್ನೇನಿದ್ದೀತು!

ಭಾರತದಲ್ಲಿದ್ದ ವರ್ಷಗಳಲ್ಲಿ ಅವರು ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ತಯಾರು ಮಾಡಿದರು. ಕೊಡೈಕನಾಲ್‌ನಲ್ಲೂ ಇದ್ದು ಕೆಲಸ ಮುಂದುವರಿಸಿದರು. ಹುಟ್ಟಿದಂದಿನಿಂದಲೇ ಮಗು ಸುತ್ತಲಿನ ಭಾಷೆ, ನಡೆನುಡಿಯನ್ನೆಲ್ಲ ಹೀರಿಕೊಳ್ಳುತ್ತದೆ ಎಂಬ ವಿಚಾರವನ್ನು ಇಲ್ಲಿನ ಉಪನ್ಯಾಸಗಳಲ್ಲಿ ವಿವರಿಸಿದರು. 1952ರಲ್ಲಿ ನೆದರ್ಲೆಂಡ್ಸ್‌ನಲ್ಲಿ ತೀರಿಕೊಂಡರು. ಅವರ ಕೆಲಸವನ್ನು ಮಾರಿಯೋ ಮುಂದುವರಿಸಿದ.

ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದರಲ್ಲಿ ಎರಡು ಮಾತು ಸಾಕು. ಮನೆಯಲ್ಲಿ ಕನ್ನಡ ಕಿವಿಗೆ ಬೀಳುತ್ತಿದ್ದರೆ ಕೂಸು ಪಾಠವಿಲ್ಲದೆಯೇ ಅದನ್ನು ಹೀರಿಕೊಳ್ಳುತ್ತದೆ. ಮಗು ಚಪ್ಪಲಿ ಹಾಕಿಕೊಳ್ಳಲು ಐದು ನಿಮಿಷ ಒದ್ದಾಡುತ್ತಿದ್ದರೆ, ಗಡಿಯಾರ ನೋಡುತ್ತ ಕೈ ಹಾಕಬೇಡಿ. ಅದು ಕೆಲಸ ಮಾಡುತ್ತಿದೆ. ಮುಗಿಯುವವರೆಗೆ ಪಕ್ಕದಲ್ಲಿ ಕೂತು ನೋಡಿ.