ಒಂದು ಕೋಶದ ಶೋಧಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕ್ರೈಸ್ತರ ಮನೆಗಳಲ್ಲಿ ಹಬ್ಬದ ದಿನ ‘ಸನ್ನ’ವೆಂಬ ಮೃದುವಾದ ಕಡುಬನ್ನು ಮಾಡುವುದುಂಟು. ಹಿಟ್ಟು ಉಬ್ಬಲೆಂದು ಅದಕ್ಕೆ ಕಳ್ಳನ್ನು ಬೆರೆಸುವುದು ಹಳೆಯ ರೂಢಿ. ಉಬ್ಬಿಸುವುದು ಕಳ್ಳಿನಲ್ಲಿರುವ ಯೀಸ್ಟ್ ಎಂಬ ಸೂಕ್ಷ್ಮಜೀವಿ. ಅದು ಸಕ್ಕರೆಯನ್ನು ಉಂಡು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಹೊರಬಿಡುತ್ತದೆ. ಆದರೆ ಕಳ್ಳಿನಲ್ಲಿ ಹಲವು ಬಗೆಯ ಯೀಸ್ಟುಗಳೂ ಬ್ಯಾಕ್ಟೀರಿಯಗಳೂ ಬೆರೆತಿರುತ್ತವೆ. ಹೊತ್ತು ಕಳೆದಂತೆ ಅದು ಹುಳಿಯಾಗುವುದು ಈ ಬ್ಯಾಕ್ಟೀರಿಯಗಳಿಂದ. ಇಂಥ ಗುಂಪಿನಿಂದ ಬೇಕಾದ ಯೀಸ್ಟೊಂದನ್ನೇ ಆರಿಸಿ ಬೆಳೆಸುವ ವಿದ್ಯೆಯನ್ನು ಬಿಯರ್ ತಯಾರಿಕೆಗೆ ತಂದುಕೊಟ್ಟವನು ಡೆನ್ಮಾರ್ಕಿನ ವಿಜ್ಞಾನಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್.

ಹಾನ್ಸೆನ್ 1842ನೆಯ ಮೇ 8ರಂದು ರೀಬೆ ಎಂಬ ಊರಿನಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದನು. ಹೊಟ್ಟೆಪಾಡಿಗಾಗಿ ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡಿದನು. ಚಿತ್ರಕಾರನಾಗಬೇಕೆಂಬ ಹಂಬಲ ಕೈಗೂಡಲಿಲ್ಲ. ಆದರೂ ಅವನು ಎದೆಗುಂದಲಿಲ್ಲ. ಮನೆಪಾಠ ಹೇಳಿ, ಕಾದಂಬರಿಗಳನ್ನು ಬರೆದು, ಬಂದ ಹಣದಿಂದ ಓದಿದನು. ವಿಶ್ವವಿದ್ಯಾಲಯವನ್ನು ಸೇರುವ ವೇಳೆಗೆ ಅವನಿಗೆ ಮೂವತ್ತು ಸಮೀಪಿಸಿತ್ತು. 1876ರಲ್ಲಿ ಶಿಲೀಂಧ್ರಗಳನ್ನು ಕುರಿತ ಪ್ರಬಂಧಕ್ಕೆ ಚಿನ್ನದ ಪದಕ ಪಡೆದನು.

ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಒಡೆಯ ಯಾಕೋಬ್ಸೆನ್ 1875ರಲ್ಲಿ ಒಂದು ಪ್ರಯೋಗಾಲಯವನ್ನು ಸ್ಥಾಪಿಸಿದ್ದನು. 1879ರಲ್ಲಿ ಹಾನ್ಸೆನ್ ಅದರ ಶರೀರಕ್ರಿಯಾ ವಿಭಾಗದ ಮುಖ್ಯಸ್ಥನಾದನು. ಅಲ್ಲಿ ತಯಾರಾಗುತ್ತಿದ್ದುದು ಲಾಗರ್ ಬಗೆಯ ಬಿಯರ್. ಅದಕ್ಕೆ ಬೇಕಾದ ಯೀಸ್ಟ್ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನ ತಂಪಿನಲ್ಲಿ ನಿಧಾನವಾಗಿ ಕೆಲಸಮಾಡಿ ಕೊನೆಗೆ ತೊಟ್ಟಿಯ ತಳಕ್ಕೆ ಇಳಿಯುತ್ತದೆ. ಅಂಥ ಯೀಸ್ಟನ್ನು ಯಾಕೋಬ್ಸೆನ್ 1845ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಿಂದ, ದಾರಿಯುದ್ದಕ್ಕೂ ತಣ್ಣೀರಿನಿಂದ ತಂಪುಮಾಡುತ್ತ ತಂದಿದ್ದನು.

1883ರಲ್ಲಿ ಕಾರ್ಖಾನೆಗೆ ಸಂಕಟ ಬಂದೊದಗಿತು. ಬಿಯರಿಗೆ ಅಹಿತವಾದ ಕಹಿಯೂ ಕೆಟ್ಟ ವಾಸನೆಯೂ ಅಂಟಿಕೊಂಡವು. ಇಂಥ ಕೇಡಿಗೆ ಬ್ಯಾಕ್ಟೀರಿಯಗಳೇ ಕಾರಣವೆಂಬುದು ಮಹಾವಿಜ್ಞಾನಿ ಪಾಶ್ಚರನ ಮತವಾಗಿತ್ತು. ಯಾಕೋಬ್ಸೆನ್ ಪಾಶ್ಚರನನ್ನು ಬಹುವಾಗಿ ಗೌರವಿಸುತ್ತಿದ್ದನು. ಆದರೆ ಹಾನ್ಸೆನ್ ಬೇರೆಯೇ ಕಾರಣವನ್ನು ಕಂಡನು: ಒಳ್ಳೆಯ ಯೀಸ್ಟಿನೊಡನೆ ಕಾಡು ಯೀಸ್ಟುಗಳು ಸೇರಿಕೊಂಡಿದ್ದವು. ನೋಟಕ್ಕೆ ಅವು ಬಹುಮಟ್ಟಿಗೆ ಒಂದೇ ರೀತಿ. ಗುಣದಲ್ಲಿ ಮಾತ್ರ ಭೇದ. ಅನ್ನ ಕೊಡುವ ಧಣಿ ಸುಲಭವಾಗಿ ಒಪ್ಪದ ಮಾತನ್ನು ಪ್ರಮಾಣದಿಂದಲೇ ಸಾಧಿಸಬೇಕಾಗಿತ್ತು.

ಹಾನ್ಸೆನ್ ಯೀಸ್ಟನ್ನು ನೀರಿನಲ್ಲಿ ಮತ್ತೆ ಮತ್ತೆ ತೆಳುಮಾಡಿ, ಒಂದು ತೊಟ್ಟಿನಲ್ಲಿ ಒಂದೇ ಕೋಶ ಉಳಿಯುವಂತೆ ಮಾಡಿದನು. ಆ ಒಂದು ಕೋಶದಿಂದ ಇಡೀ ಸಂತಾನವನ್ನು ಬೆಳೆಸಿದನು. ಹೀಗೆ ಕಾರ್ಖಾನೆಯ ಯೀಸ್ಟಿನಿಂದ ನಾಲ್ಕು ಬಗೆಗಳನ್ನು ಬೇರ್ಪಡಿಸಿ ಒಂದೊಂದನ್ನೂ ಪರೀಕ್ಷಿಸಲು, ಅವುಗಳಲ್ಲಿ ಒಂದೇ ಉತ್ತಮ ಬಿಯರನ್ನು ಕೊಟ್ಟಿತು. 1883ರ ನವೆಂಬರ್ 12ರಂದು ಆ ಶುದ್ಧ ಯೀಸ್ಟನ್ನು ಕಾರ್ಖಾನೆಯಲ್ಲಿ ಬಳಕೆಗೆ ತಂದರು. ಬಿಯರಿನ ಕೇಡು ನೀಗಿತು. ಯಾಕೋಬ್ಸೆನ್‌ನ ಸಂಶಯವೂ ಕರಗಿತು.

ಇದನ್ನು ಗುಟ್ಟಾಗಿರಿಸಿಕೊಂಡಿದ್ದರೆ ಕಾರ್ಲ್ಸ್‌ಬರ್ಗಿಗೆ ಅಪಾರ ಲಾಭವಾಗುತ್ತಿತ್ತು. ಆದರೆ ಯಾಕೋಬ್ಸೆನ್ ಶುದ್ಧ ಯೀಸ್ಟನ್ನು ಇತರ ತಯಾರಕರಿಗೂ ಉಚಿತವಾಗಿ ಹಂಚಿದನು. ಹಾನ್ಸೆನ್ ತನ್ನ ವಿಧಾನವನ್ನು ಪ್ರಕಟಿಸಿದನು. ಬೇಗನೆ ಆ ವಿಧಾನ ನಾಡುನಾಡುಗಳಿಗೆ ಹರಡಿತು.

1909ರ ಆಗಸ್ಟ್ 27ರಂದು ಹಾನ್ಸೆನ್ ತೀರಿಕೊಂಡನು. ಲಾಗರ್ ಯೀಸ್ಟ್ ಎರಡು ಪ್ರಭೇದಗಳ ಮಿಶ್ರತಳಿಯೆಂದು ಮುಂದಿನ ವಿಜ್ಞಾನಿಗಳು ಕಂಡುಕೊಂಡರು. ಅವುಗಳಲ್ಲಿ ಒಂದು 2011ರಲ್ಲಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯದ ಕಾಡಿನಲ್ಲಿ ಗುರುತಿಗೆ ಬಂದಿತು. ಶೋಧನೆ ಹೀಗೆ ಮುಂದುವರಿದರೂ ಅದರ ತಳಹದಿ ಹಾನ್ಸೆನ್ ಹಾಕಿದ್ದೇ. ಗೋಡೆಗೆ ಬಣ್ಣ ಬಳಿದ ಕೈ, ಕಣ್ಣಿಗೆ ಕಾಣದ ಕೋಶವೊಂದನ್ನು ಆರಿಸಲು ಕಲಿತದ್ದು ತಾಳ್ಮೆಯ ಬಲದಿಂದ.