ಜೋಜಿಲಾಕ್ಕೆ ಟ್ಯಾಂಕ್ ಹತ್ತಿಸಿದ ತಿಮ್ಮಯ್ಯ

ಮಕ್ಕಳೇ, ನವೆಂಬರ್ 1 ಎಂದರೆ ನಮ್ಮ ಕೂಟದಲ್ಲಿ ರಾಜ್ಯೋತ್ಸವ. 1956ರ ಆ ದಿನ ಕನ್ನಡ ನಾಡು ಒಂದಾಯಿತು ಎಂಬುದನ್ನು ನೀವು ಕೇಳಿದ್ದೀರಿ. ಅದಕ್ಕೂ ಎಂಟು ವರ್ಷ ಮೊದಲು, 1948ರ ಅದೇ ನವೆಂಬರ್ 1ರಂದು, ಹಿಮಾಲಯದ ಜೋಜಿಲಾ ಎಂಬ ಕಣಿವೆದಾರಿಯಲ್ಲಿ ಕೊಡಗಿನ ಒಬ್ಬ ಸೇನಾಧಿಕಾರಿಯ ಯೋಜನೆಯಂತೆ ಒಂದು ಯುದ್ಧ ನಡೆಯಿತು. ಟ್ಯಾಂಕುಗಳಿಗೆ ಹೇಳಿ ಮಾಡಿಸಿದ ಜಾಗವೆಂದರೆ ಬಯಲು, ಮರುಭೂಮಿ. ಜೋಜಿಲಾದ ಎತ್ತರವೋ ಸುಮಾರು 11,500 ಅಡಿ. ಕರ್ನಾಟಕದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 6,300 ಅಡಿ ಎಂದರೆ ಅಂದಾಜು ಮಾಡಿಕೊಳ್ಳಿ. ಅಂಥ ಎತ್ತರದಲ್ಲಿ ಅಲ್ಲಿಯವರೆಗೆ ಯಾವ ದೇಶದ ಸೇನೆಯೂ ಟ್ಯಾಂಕ್ ಬಳಸಿರಲಿಲ್ಲ.

ಆ ಅಧಿಕಾರಿಯ ಹೆಸರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಓದಿದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಒಂದು ಬ್ರಿಗೇಡನ್ನೇ ಮುನ್ನಡೆಸಿದರು. ಯುದ್ಧಭೂಮಿಯಲ್ಲಿ ಅಂಥ ಹೊಣೆ ಹೊತ್ತ ಮೊದಲ ಭಾರತೀಯ ಅವರು.

ಭಾರತ ಸ್ವತಂತ್ರವಾಗಿ ಎರಡು ತಿಂಗಳು ಕಳೆದಿತ್ತಷ್ಟೆ. 1947ರ ಅಕ್ಟೋಬರಿನಲ್ಲಿ ಪಾಕಿಸ್ತಾನದ ಕಡೆಯಿಂದ ಬುಡಕಟ್ಟು ಪಡೆಗಳು ಕಾಶ್ಮೀರಕ್ಕೆ ನುಗ್ಗಿದವು. ಮಹಾರಾಜ ಹರಿಸಿಂಗ್ ಭಾರತಕ್ಕೆ ಸೇರಲು ಸಹಿ ಹಾಕಿದ ಮರುದಿನ, ಅಕ್ಟೋಬರ್ 27ರಂದು, ನಮ್ಮ ಸೈನಿಕರು ವಿಮಾನದಲ್ಲಿ ಶ್ರೀನಗರಕ್ಕೆ ಇಳಿದರು. ಶ್ರೀನಗರ ಉಳಿಯಿತು. ಆದರೆ 1948ರ ಬೇಸಿಗೆಯ ಹೊತ್ತಿಗೆ ಗಿಲ್ಗಿಟ್ ಕಡೆಯ ಪಡೆಗಳು ಕಾರ್ಗಿಲ್, ದ್ರಾಸ್, ಜೋಜಿಲಾಗಳನ್ನು ಹಿಡಿದವು. ಶ್ರೀನಗರದಿಂದ ಲಡಾಖಿನ ಲೇಹ್ ಊರಿಗೆ ಹೋಗುವ ದಾರಿ ಜೋಜಿಲಾದ ಮೂಲಕವೇ ಹಾಯಬೇಕು. ಅದು ಕೈತಪ್ಪಿದರೆ ಲೇಹ್ ಒಂಟಿಯಾದಂತೆ. ಆ ಮೇ ತಿಂಗಳಿನಲ್ಲಿ ಮೆಹರ್ ಸಿಂಗ್ ಎಂಬ ಸಾಹಸಿ ಪೈಲಟ್ ಲೇಹ್‌ನಲ್ಲಿ ಹೊಸದಾಗಿ ಸಮ ಮಾಡಿದ ನೆಲದ ಮೇಲೆ ಡಕೋಟಾ ವಿಮಾನ ಇಳಿಸಿದಾಗ, ಅದರಲ್ಲಿ ತಿಮ್ಮಯ್ಯನವರೂ ಕುಳಿತಿದ್ದರು. ಅಪಾಯದ ಕೆಲಸಕ್ಕೆ ಬೇರೆಯವರನ್ನು ಕಳಿಸಿ ತಾವು ಹಿಂದುಳಿಯುವುದು ಅವರ ಸ್ವಭಾವವಾಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ನಮ್ಮ ಕಾಲ್ದಳ ಜೋಜಿಲಾದ ಮೇಲೆ ದಾಳಿ ಮಾಡಿ ಸೋತಿತು. ಎದುರಾಳಿಗಳು ಬಂಡೆಗಳ ಮರೆಯಲ್ಲಿ, ಗವಿಗಳಲ್ಲಿ ಮೆಷಿನ್‌ಗನ್ ಇಟ್ಟುಕೊಂಡು ಕೂತಿದ್ದರು. ಕೆಳಗಿನಿಂದ ಏರಿ ಹೋಗುವವರಿಗೆ ಅಡಗಲು ಜಾಗವೇ ಇರಲಿಲ್ಲ. ಗುಂಡು ತಾಗದ, ಗವಿಯ ಬಾಯಿಗೇ ನೇರವಾಗಿ ಫಿರಂಗಿ ಹಾರಿಸಬಲ್ಲ ಏನಾದರೂ ಬೇಕಿತ್ತು. ಟ್ಯಾಂಕ್ ತರೋಣ ಎಂದು ತಿಮ್ಮಯ್ಯ ತೀರ್ಮಾನಿಸಿದರು.

ನನ್ನ ಮಟ್ಟಿಗೆ ಜೋಜಿಲಾ ಗೆದ್ದದ್ದು ಇಲ್ಲಿಂದ ಮುಂದಿನ ದುಡಿಮೆಯಲ್ಲಿ. ಜೋಜಿಲಾದ ಬುಡದಲ್ಲಿರುವ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಗಳು ನಡೆಯುವ ಕಾಲುದಾರಿ. ಅದನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮೇಜರ್ ತಂಗರಾಜು ಅವರ ಕೈಕೆಳಗಿನ ಮದ್ರಾಸ್ ಸ್ಯಾಪರ್ಸ್. ಹೆಸರು ಮದ್ರಾಸಿನದಾದರೂ ಈ ಎಂಜಿನಿಯರ್ ದಳದ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಹಲಸೂರಿನಲ್ಲಿ. ದಕ್ಷಿಣದ ಬಿಸಿಲಿನಲ್ಲಿ ಬೆಳೆದ ಹುಡುಗರು ಆ ಕೊರೆಯುವ ಚಳಿಯಲ್ಲಿ, ಮೇಲಿನಿಂದ ಗುಂಡು ಬೀಳುತ್ತಿರುವಾಗ, ಬಂಡೆ ಸಿಡಿಸಿ ಅಕ್ಟೋಬರ್ ನಡುವಿನ ಹೊತ್ತಿಗೆ ದಾರಿ ಮುಗಿಸಿದರು. ಯುದ್ಧದ ಕಥೆಗಳಲ್ಲಿ ಗುಂಡು ಹಾರಿಸಿದವರ ಹೆಸರು ಉಳಿಯುತ್ತದೆ, ದಾರಿ ಕಡಿದವರದು ಮರೆಯಾಗುತ್ತದೆ. ನೀವು ಹಾಗೆ ಮರೆಯಬೇಡಿ.

ಇನ್ನೊಂದು ಕಡೆ, 7ನೇ ಲೈಟ್ ಕ್ಯಾವಲ್ರಿ ದಳದ ಸ್ಟುವರ್ಟ್ ಟ್ಯಾಂಕುಗಳು ಜಮ್ಮು ಕಡೆಯಿಂದ ಹೊರಟವು. ಇವು ಹಗುರ ಜಾತಿಯವು. ಹಾಗಿದ್ದರೂ ಆ ಕಾಲದ ಸೇತುವೆಗಳಿಗೆ ಭಾರವೇ. ಸೇತುವೆಗಳನ್ನು ಬಲಪಡಿಸಬೇಕಾಯಿತು. ಗುಟ್ಟು ಹೊರಬೀಳದಂತೆ ಟ್ಯಾಂಕಿನ ಮೇಲ್ಭಾಗದ ಫಿರಂಗಿ ಗೂಡನ್ನು ಬಿಚ್ಚಿ ಬೇರೆಯಾಗಿ ಸಾಗಿಸಿದರು. ಶ್ರೀನಗರವನ್ನು ದಾಟಿಸಿದ್ದು ಕರ್ಫ್ಯೂ ಹಾಕಿದ ರಾತ್ರಿಯಲ್ಲಿ.

ಎಲ್ಲ ಸಿದ್ಧವಾಗುವಷ್ಟರಲ್ಲಿ ಹಿಮ ಸುರಿದು ದಾಳಿ ಮುಂದಕ್ಕೆ ಹೋಯಿತು. ಕೊನೆಗೆ ನವೆಂಬರ್ 1ರ ಮಧ್ಯಾಹ್ನ, ಹಿಮ ಬಿದ್ದ ದಾರಿಯಲ್ಲೇ, ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ದಳದ ನಾಯಕ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್. 'ಸ್ಪ್ಯಾರೋ' ಎಂದೇ ಸೇನೆಯಲ್ಲಿ ಹೆಸರಾದವರು. ಇಡೀ ಡಿವಿಷನ್ನಿನ ಮುಖ್ಯಸ್ಥರಾಗಿದ್ದ ಮೇಜರ್ ಜನರಲ್ ತಿಮ್ಮಯ್ಯನವರೂ ಮುಂಚೂಣಿಯ ಟ್ಯಾಂಕೊಂದರಲ್ಲಿ ಇದ್ದರು. ಎದುರಾಳಿಗಳ ಬಳಿ ಟ್ಯಾಂಕನ್ನು ಒಡೆಯುವ ಅಸ್ತ್ರ ಇರಲಿಲ್ಲ, ಅಲ್ಲಿಗೆ ಟ್ಯಾಂಕ್ ಬರುತ್ತದೆಂದು ಅವರು ಎಣಿಸಿಯೂ ಇರಲಿಲ್ಲ. ಗವಿಗಳೊಂದೊಂದಾಗಿ ಮೌನವಾದವು. ಸಂಜೆಯೊಳಗೆ ಜೋಜಿಲಾ ನಮ್ಮದಾಯಿತು. ನವೆಂಬರ್ ನಡುವೆ ದ್ರಾಸ್, ತಿಂಗಳ ಕೊನೆಯ ವಾರದಲ್ಲಿ ಕಾರ್ಗಿಲ್ ಕೈಸೇರಿತು. ಲೇಹ್‌ಗೆ ದಾರಿ ತೆರೆಯಿತು.

1949ರ ಜನವರಿ 1ಕ್ಕೆ ಕದನ ವಿರಾಮ ಬಂತು. ಯಾರ ಸೈನ್ಯ ಎಲ್ಲಿ ನಿಂತಿತ್ತೋ ಗಡಿಯ ಗೆರೆ ಬಹುಮಟ್ಟಿಗೆ ಅಲ್ಲೇ ಉಳಿಯಿತು. ಜೋಜಿಲಾ ದಾಳಿ ಮರುವರ್ಷದ ಬೇಸಿಗೆಗೆ ಹೋಗಿದ್ದರೆ ಕಾರ್ಗಿಲ್ ಆ ಗೆರೆಯ ಆಚೆ ಇರುತ್ತಿತ್ತು, ಲೇಹ್ ಉಳಿಸಿಕೊಳ್ಳುವುದು ತೀರ ಕಷ್ಟವಾಗುತ್ತಿತ್ತು. ಆ ಒಂದು ಮಧ್ಯಾಹ್ನಕ್ಕೆ ಇಷ್ಟು ಬೆಲೆ.

ತಿಮ್ಮಯ್ಯನವರನ್ನು ಬರೀ ಯುದ್ಧವೀರರೆಂದು ತಿಳಿದರೆ ಅರ್ಧ ತಿಳಿದಂತೆ. ಕೊರಿಯಾ ಯುದ್ಧ ಮುಗಿದಾಗ, ತಾಯ್ನಾಡಿಗೆ ಹಿಂದಿರುಗಲು ಒಲ್ಲೆನೆಂದ ಸಾವಿರಾರು ಸೆರೆಯಾಳುಗಳ ಜಟಿಲ ಪ್ರಶ್ನೆ ಬಗೆಹರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರು. ನಿವೃತ್ತಿಯ ನಂತರ ಸೈಪ್ರಸ್ ದ್ವೀಪದಲ್ಲಿ ಗ್ರೀಕರು, ತುರ್ಕರ ನಡುವೆ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಲೇ 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಸೈಪ್ರಸ್ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಮಡಿಕೇರಿಯಲ್ಲಿ ಅವರ ಮನೆ 'ಸನ್ನಿಸೈಡ್' ಈಗ ವಸ್ತುಸಂಗ್ರಹಾಲಯ, 2021ರಲ್ಲಿ ಬಾಗಿಲು ತೆರೆದಿದೆ. ಮುಂದಿನ ಸಲ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ಬನ್ನಿ.